ಮೊದಲ ಕ್ಲಿಪ್ ಎಳೆಯುವ ಮುಂಚೆ: ಡಾವಿಂಚಿ ರಿಸಾಲ್ವ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್

ಡಾವಿಂಚಿ ರಿಸಾಲ್ವ್ ಎನ್ನುವ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ತೆರೆದ ಕೂಡಲೇ ಕ್ಲಿಪ್‌ಗಳನ್ನು ಎಳೆದು ಒಳಗೆ ಹಾಕಬೇಡಿ. ಎಡಿಟಿಂಗ್ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಸ ಪ್ರಾಜೆಕ್ಟ್ ಮಾಡಿ, ಹೆಸರು ಕೊಡಿ, ಆಮೇಲೆ ಶಿಫ್ಟ್ ಹಿಡಿದು 9 ಒತ್ತಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದುಕೊಳ್ಳುತ್ತದೆ. ಕೆಳಗೆ ಬಲಮೂಲೆಯಲ್ಲಿರುವ ಹಲ್ಲುಚಕ್ರದ ಗುರುತು ಒತ್ತಿದರೂ ಅದೇ ಬರುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಯೋಚನೆ ಮಾಡಿದರೆ, ಮುಂದೆ ನಿದ್ದೆಗೆಟ್ಟು ಮಾಡುವ ಎಷ್ಟೋ ಕೆಲಸ ತಪ್ಪುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಲ್ಲಿರುವ ಕೆಲವು ಆಯ್ಕೆಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು, ಕೆಲವನ್ನು ಬದಲಿಸಲು ಆಗುವುದೇ ಇಲ್ಲ. ಇನ್ನು ಕೆಲವನ್ನು ಬದಲಿಸಬಹುದು, ಆದರೆ ಅಲ್ಲಿಯವರೆಗೆ ಮಾಡಿದ ಕೆಲಸ ಕೆಡುತ್ತದೆ. ಯಾವುದು ಯಾವ ಗುಂಪಿಗೆ ಸೇರಿದ್ದು ಅಂತ ಗೊತ್ತಿದ್ದರೆ ಸಾಕು. ಉಳಿದದ್ದನ್ನೆಲ್ಲ ಡೀಫಾಲ್ಟ್ ಇದ್ದ ಹಾಗೇ ಬಿಡಬಹುದು.

ನಾನು ಜಾಸ್ತಿ ಮಾಡುವುದು ಯಕ್ಷಗಾನದ ಎಡಿಟಿಂಗ್. ಉಡುಪಿ, ಕುಂದಾಪುರ ಕಡೆಯ ಆಟಗಳು, ಅಂದರೆ ಯಕ್ಷಗಾನ ಪ್ರದರ್ಶನಗಳು. ಮದುವೆ, ಉಪನಯನದ ಕೆಲಸವೂ ಬರುತ್ತದೆ. ಆದರೆ ಸೆಟ್ಟಿಂಗ್ಸ್‌ನ ಮಹತ್ವ ಗೊತ್ತಾಗುವುದು ಆಟದಲ್ಲೇ. ಕಾಲಮಿತಿ ಆಟ ಅಂದರೂ ಮೂರು ಗಂಟೆ ನಿಲ್ಲದೆ ಓಡುವ ರೆಕಾರ್ಡಿಂಗ್. ರಂಗಸ್ಥಳದ ಎದುರು ಒಂದು ಕ್ಯಾಮೆರಾ, ಬದಿಯಲ್ಲಿ ಒಂದು, ಹಿಮ್ಮೇಳದ ಮೇಲೆ ಒಂದು ಫೋನ್, ಜೊತೆಗೆ ಮಿಕ್ಸರ್‌ನಿಂದ ನೇರ ಬಂದ ಆಡಿಯೋ. ನಾಲ್ಕೂ ಒಂದಕ್ಕೊಂದು ಹೊಂದಬೇಕು. ಹಾಗಾಗಿ ಇಲ್ಲಿನ ಉದಾಹರಣೆಗಳೆಲ್ಲ ಆಟದ್ದೇ. ನಿಮ್ಮದು ಮದುವೆ ವಿಡಿಯೋ ಇರಲಿ, ಕಿರುಚಿತ್ರ ಇರಲಿ, ಲೆಕ್ಕ ಒಂದೇ.

ನಾನು ಬಳಸುವ ರಿಸಾಲ್ವ್ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯದು. ಇದರ ಉಚಿತ ಆವೃತ್ತಿಯಲ್ಲೇ 3840×2160 ಅಳತೆಯವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಎಕ್ಸ್‌ಪೋರ್ಟ್ ಮಾಡಬಹುದು. ನಾನು ಇಲ್ಲಿ ಹೇಳುವುದಕ್ಕೆಲ್ಲ ಉಚಿತ ಆವೃತ್ತಿ ಸಾಕು.

ಮೊದಲು ಫುಟೇಜ್ ನೋಡಿ

ಸೆಟ್ಟಿಂಗ್ಸ್ ಮುಟ್ಟುವ ಮುಂಚೆ ಎರಡು ವಿಷಯ ತಿಳಿದಿರಬೇಕು. ಒಂದು, ಈ ವಿಡಿಯೋ ಕೊನೆಗೆ ಎಲ್ಲಿ ಓಡುತ್ತದೆ: ಯೂಟ್ಯೂಬ್‌ನಲ್ಲೋ, ಟಿವಿ ಚಾನೆಲ್‌ನಲ್ಲೋ, ರೀಲ್ಸ್‌ನಲ್ಲೋ, ಥಿಯೇಟರ್‌ನಲ್ಲೋ. ಎರಡು, ಕ್ಯಾಮೆರಾಗಳು ಏನು ಕೊಟ್ಟಿವೆ.

ಎರಡನೆಯದನ್ನು ತಿಳಿಯಲು ಕ್ಯಾಮೆರಾಮನ್‌ಗೆ ಫೋನ್ ಮಾಡಿ ಕೇಳಿದರೆ ಸಾಲದು. ಕಾರ್ಡ್‌ನಲ್ಲಿರುವುದನ್ನೇ ನೋಡಿ. ರಿಸಾಲ್ವ್‌ನ ಮೀಡಿಯಾ ಪೇಜ್‌ಗೆ ಹೋದರೆ ಮೇಲೆ ಎಡಗಡೆ ಮೀಡಿಯಾ ಸ್ಟೋರೇಜ್ ಇರುತ್ತದೆ. ಅಲ್ಲಿ ಫೋಲ್ಡರ್ ತೆರೆದು ಒಂದು ಕ್ಲಿಪ್ ಮೇಲೆ ಸುಮ್ನೆ ಒಂದು ಸಲ ಒತ್ತಿ. ಪ್ರಾಜೆಕ್ಟ್ ಒಳಗೆ ಹಾಕಬೇಡಿ. ಮೆಟಾಡೇಟಾ ಭಾಗದಲ್ಲಿ ಆ ಕ್ಲಿಪ್‌ನ ಅಳತೆ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ), ಕೊಡೆಕ್ (ವಿಡಿಯೋವನ್ನು ಒತ್ತಿ ಉಳಿಸುವ ವಿಧಾನ) ಎಲ್ಲ ಕಾಣುತ್ತದೆ. ಪ್ರತಿ ಕ್ಯಾಮೆರಾದಿಂದ ಒಂದೊಂದು ಕ್ಲಿಪ್ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ. ನನ್ನ ಮೇಜಿನ ಮೇಲೆ ಪ್ರತಿ ಆಟಕ್ಕೂ ಇಂಥದ್ದೊಂದು ಚೀಟಿ ಇರುತ್ತದೆ: "ಎದುರು 4ಕೆ 25, ಬದಿ 1080 50, ಫೋನ್ 30".

ಫ್ರೇಮ್ ರೇಟ್: ಹಿಂದೆ ಬರಲಾಗದ ಆಯ್ಕೆ

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಮೊದಲ ಪುಟವೇ ಮಾಸ್ಟರ್ ಸೆಟ್ಟಿಂಗ್ಸ್. ಅದರಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್ ಅಂತ ಇದೆ. ಟೈಮ್‌ಲೈನ್ ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ. ರಿಸಾಲ್ವ್ ತಾನಾಗಿ ಇಡುವುದು 24. ಮೀಡಿಯಾ ಪೂಲ್ (ಪ್ರಾಜೆಕ್ಟ್‌ನ ಕ್ಲಿಪ್‌ಗಳು ಕೂರುವ ಜಾಗ) ಒಳಗೆ ಒಂದೇ ಒಂದು ಕ್ಲಿಪ್ ಬಿದ್ದರೂ ಈ ಸಾಲು ಮಸುಕಾಗುತ್ತದೆ. ಆಮೇಲೆ ಬದಲಿಸಲು ಬಿಡುವುದಿಲ್ಲ. ಅದಕ್ಕೇ ಮೊದಲ ಕ್ಲಿಪ್‌ಗಿಂತ ಮುಂಚೆ ಇದನ್ನು ತೀರ್ಮಾನ ಮಾಡಬೇಕು.

ನಮ್ಮ ದೇಶದಲ್ಲಿ ನನ್ನ ಮೊದಲ ಆಯ್ಕೆ 25. ಇದಕ್ಕೆ ಎರಡು ಕಾರಣ. ನಮ್ಮ ಟಿವಿ ಪ್ರಸಾರ ಬೆಳೆದು ಬಂದದ್ದು ಪಾಲ್ ಎನ್ನುವ ಪದ್ಧತಿಯಲ್ಲಿ, ಅಂದರೆ ಸೆಕೆಂಡಿಗೆ 25 ಫ್ರೇಮ್. ಚಾನೆಲ್‌ಗೆ ಕೊಡುವ ಕೆಲಸವಾದರೆ ಅವರು ಕೇಳುವುದೂ 25ನ್ನೇ. ಇನ್ನೊಂದು ಕಾರಣ ಕರೆಂಟು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್. ಆ ಕರೆಂಟಿನಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. 25 ಫ್ರೇಮ್ ಇಟ್ಟು ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡ್ ಮಾಡಿದರೆ ಪ್ರತಿ ಫ್ರೇಮ್‌ಗೂ ಅಷ್ಟೇ ಬೆಳಕು ಬೀಳುತ್ತದೆ, ಮಿಣುಕು ಬರುವುದಿಲ್ಲ. 30 ಫ್ರೇಮ್, 1/60 ಶಟರ್ ಆದರೆ ಟ್ಯೂಬ್‌ಲೈಟ್ ಇರುವ ಕಲ್ಯಾಣಮಂಟಪದಲ್ಲಿ ಗೋಡೆಯ ಮೇಲೆ ಅಲೆ ಅಲೆಯಾಗಿ ಪಟ್ಟೆ ಓಡುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಬಹಳ ಕಷ್ಟ.

24 ಫ್ರೇಮ್ ಸಿನಿಮಾದ ಅಳತೆ. ಥಿಯೇಟರ್‌ಗೆ ಹೋಗುವ ಚಿತ್ರವಾದರೆ 24 ಇಡಿ, ಶೂಟ್ ಕೂಡ 24ರಲ್ಲೇ ಆಗಿರಬೇಕು. "ಸಿನಿಮಾ ಲುಕ್ ಬರುತ್ತದೆ" ಅಂತ 25ರ ಫುಟೇಜನ್ನು 24ರ ಟೈಮ್‌ಲೈನ್‌ಗೆ ಹಾಕಬೇಡಿ. ಲುಕ್ ಬರುವುದು ಬೆಳಕಿನಿಂದ, ಲೆನ್ಸಿನಿಂದ. ಹೀಗೆ ಹಾಕಿದರೆ ಸೆಕೆಂಡಿಗೊಂದು ಫ್ರೇಮ್ ಬಿದ್ದುಹೋಗುತ್ತದೆ ಅಷ್ಟೆ.

23.976, 29.97 ಅನ್ನುವ ಚಿಲ್ಲರೆ ಸಂಖ್ಯೆಗಳು ಅಮೆರಿಕದ ಕಲರ್ ಟಿವಿ ಪದ್ಧತಿಯಿಂದ ಬಂದವು. ಅಲ್ಲಿನ ಗ್ರಾಹಕರಿಗೆ ಕೆಲಸ ಮಾಡದಿದ್ದರೆ ಅವನ್ನು ಮುಟ್ಟುವ ಅಗತ್ಯವಿಲ್ಲ. ಆದರೆ 24 ಮತ್ತು 23.976 ಎರಡೂ ಒಂದೇ ಅಂದುಕೊಳ್ಳಬೇಡಿ. ಫೈಲ್‌ನ ಫ್ರೇಮ್ ರೇಟನ್ನು ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ತಿರುಗಿಸಿದರೆ, ಒಂದು ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಮೂರು ಗಂಟೆಯ ಆಟದ ಕೊನೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ. ಭಾಗವತರ ಮಂಗಳ ಒಂದು ಕಡೆ, ತುಟಿ ಇನ್ನೊಂದು ಕಡೆ.

ಈಗ ಬೇರೆ ಬೇರೆ ಫ್ರೇಮ್ ರೇಟ್ ಸೇರಿದಾಗ ಏನಾಗುತ್ತದೆ ನೋಡೋಣ. 25ರ ಟೈಮ್‌ಲೈನ್‌ಗೆ 30ರ ಫೋನ್ ಕ್ಲಿಪ್ ಹಾಕಿದಿರಿ ಅಂದುಕೊಳ್ಳಿ. ರಿಸಾಲ್ವ್ ಕ್ಲಿಪ್‌ನ ಉದ್ದವನ್ನು ಉಳಿಸಿಕೊಳ್ಳುತ್ತದೆ, ಆದರೆ ಸೆಕೆಂಡಿಗೆ ಐದು ಫ್ರೇಮ್ ಬಿಡುತ್ತದೆ. ಅಂದರೆ ಪ್ರತಿ ಆರರಲ್ಲಿ ಒಂದು. ಭಾಗವತರು ಕೂತು ಹಾಡುವಾಗ ಇದು ಯಾರಿಗೂ ತಿಳಿಯುವುದಿಲ್ಲ. ಆದರೆ ತೆಂಕುತಿಟ್ಟು ಶೈಲಿಯ ಪುಂಡುವೇಷ (ಚುರುಕಿನ ಯುವವೀರನ ಪಾತ್ರ) ಗಿರಕಿ ಹೊಡೆಯುವಾಗ ನೋಡಿ. ದೇಹ ಒಂದೇ ವೇಗದಲ್ಲಿ ಸುತ್ತುತ್ತಿರುತ್ತದೆ. ವೇಷದ ಅಂಚು ಗಾಳಿಗೆ ಬಿಡಿಸಿಕೊಂಡು ವೃತ್ತ ಬರೆಯುತ್ತದೆ. ಐದು ಫ್ರೇಮ್ ನಯವಾಗಿ ಸಾಗಿ, ಮುಂದಿನ ಫ್ರೇಮ್‌ಗೆ ಬರುವಾಗ ಆ ಅಂಚು ಎರಡರಷ್ಟು ಮುಂದಕ್ಕೆ ಹಾರುತ್ತದೆ. ಮತ್ತೆ ಐದು, ಮತ್ತೊಂದು ಹಾರು. ಕಲಾವಿದ ಎಲ್ಲೂ ಎಡವಿಲ್ಲ, ಆದರೆ ವಿಡಿಯೋದಲ್ಲಿ ಎಡವಿದ ಹಾಗೆ ಕಾಣುತ್ತದೆ. ವರ್ಷಗಟ್ಟಲೆ ಸಾಧನೆ ಮಾಡಿ ಗಳಿಸಿದ ಆ ಒಂದೇ ಲಯವನ್ನು ನಾವು ಒಂದು ಸಂಖ್ಯೆ ಸರಿ ಇಡದೆ ಮುರಿಯಬಾರದು. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಇದಕ್ಕೆ ಪರಿಹಾರ ಶೂಟಿಂಗ್‌ನಲ್ಲೇ ಇದೆ. ಎಲ್ಲ ಕ್ಯಾಮೆರಾಗಳ ಮೆನುವಿನಲ್ಲಿ ಪಾಲ್ ಆರಿಸಿ 25 ಇಲ್ಲವೇ 50 ಇಡಲು ಮೊದಲೇ ಹೇಳಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾಗೆ ಹೋಗಿ, ರೆಕಾರ್ಡ್ ವಿಡಿಯೋ ಒಳಗೆ ಶೋ ಪಾಲ್ ಫಾರ್ಮ್ಯಾಟ್ಸ್ ಆನ್ ಮಾಡಿದರೆ 25 ಕಾಣುತ್ತದೆ. ಬ್ಲ್ಯಾಕ್‌ಮ್ಯಾಜಿಕ್‌ನವರದ್ದೇ ಉಚಿತ ಕ್ಯಾಮೆರಾ ಆಪ್ ಕೂಡ ಇದೆ, ಅದರಲ್ಲಿ ಫ್ರೇಮ್ ರೇಟ್, ಶಟರ್ ಎರಡನ್ನೂ ನಾವೇ ಇಡಬಹುದು. 50ರಲ್ಲಿ ತೆಗೆದದ್ದು 25ಕ್ಕೆ ಸಲೀಸಾಗಿ ಹೊಂದುತ್ತದೆ, ಒಂದು ಬಿಟ್ಟು ಒಂದು ಫ್ರೇಮ್ ಬರುತ್ತದೆ. ಕುಣಿತವೇ ಪ್ರಧಾನವಾದ ಪ್ರಸಂಗವಾಗಿ, ಎಲ್ಲ ಕ್ಯಾಮೆರಾವೂ 50 ಇದ್ದು, ವಿಡಿಯೋ ಯೂಟ್ಯೂಬ್‌ಗೆ ಮಾತ್ರ ಹೋಗುವುದಾದರೆ ನಾನು ಟೈಮ್‌ಲೈನನ್ನೇ 50 ಇಡುತ್ತೇನೆ. ದಿಗಿಣ (ಹಾರಿ ಸುತ್ತುವ ಕುಣಿತ) ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ.

ಫೋನ್ ಕ್ಲಿಪ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಎಷ್ಟೋ ಫೋನ್‌ಗಳು ಒಂದೇ ಫ್ರೇಮ್ ರೇಟ್‌ನಲ್ಲಿ ರೆಕಾರ್ಡ್ ಮಾಡುವುದಿಲ್ಲ. ಬೆಳಕು ಕಡಿಮೆಯಾದರೆ 30 ಇದ್ದದ್ದು 28ಕ್ಕೆ, 27ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಇಂಥ ಕ್ಲಿಪ್ ಉದ್ದವಾದಷ್ಟೂ ಧ್ವನಿ ಜಾರುತ್ತದೆ. ಇವನ್ನು ರಿಸಾಲ್ವ್‌ಗೆ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್ ಎನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಪರಿವರ್ತಿಸಿ. ವಿಡಿಯೋ ಪುಟದಲ್ಲಿ ಫ್ರೇಮ್ ರೇಟ್ 30 ಆರಿಸಿ, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಮೇಲೆ ಗುರುತು ಹಾಕಿ. ಸಮಯ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ.

ಮೊದಲ ಕ್ಲಿಪ್ ಹಾಕಿದಾಗ ಅದರ ಫ್ರೇಮ್ ರೇಟ್ ನಿಮ್ಮ ಸೆಟ್ಟಿಂಗ್‌ಗೆ ಹೊಂದದಿದ್ದರೆ ರಿಸಾಲ್ವ್ ಒಂದು ಪ್ರಶ್ನೆ ಕೇಳುತ್ತದೆ: ಪ್ರಾಜೆಕ್ಟ್‌ನ ಫ್ರೇಮ್ ರೇಟನ್ನು ಈ ಕ್ಲಿಪ್‌ಗೆ ತಕ್ಕ ಹಾಗೆ ಬದಲಿಸಲೇ ಅಂತ. ಅವಸರದಲ್ಲಿ ಚೇಂಜ್ ಒತ್ತುವವರೇ ಜಾಸ್ತಿ. ಅಲ್ಲಿ ಮೊದಲು ಬಿದ್ದದ್ದು ಫೋನ್ ಕ್ಲಿಪ್ ಆಗಿದ್ದರೆ ಇಡೀ ಆಟ 30ಕ್ಕೆ ಹೋಗುತ್ತದೆ. ನೀವು ಯೋಚಿಸಿ 25 ಇಟ್ಟಿದ್ದೀರಿ ಅಲ್ವಾ, ಡೋಂಟ್ ಚೇಂಜ್ ಒತ್ತಿ.

ಈಗಾಗಲೇ ಬೇರೆ ಫ್ರೇಮ್ ರೇಟ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಒಂದು ದಾರಿ ಇದೆ. ಹೊಸ ಟೈಮ್‌ಲೈನ್ ಮಾಡುವಾಗ ಬರುವ ಪೆಟ್ಟಿಗೆಯಲ್ಲಿ ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಎನ್ನುವ ಗುರುತು ತೆಗೆಯಿರಿ. ಫಾರ್ಮ್ಯಾಟ್ ಪುಟ ತೆರೆಯುತ್ತದೆ. ಆ ಟೈಮ್‌ಲೈನ್‌ಗೆ ಮಾತ್ರ ಬೇರೆ ಫ್ರೇಮ್ ರೇಟ್ ಕೊಡಬಹುದು. ಆದರೆ ಎಡಿಟಿಂಗ್ ಅರ್ಧ ಆಗಿದ್ದರೆ ಹಳೆಯ ಕಟ್‌ಗಳನ್ನು ಹೊಸದಕ್ಕೆ ಅಂಟಿಸಿದಾಗ ಒಂದೊಂದು ಫ್ರೇಮ್ ಆಚೀಚೆ ಆಗುತ್ತದೆ, ಎಲ್ಲ ಕಟ್‌ಗಳನ್ನೂ ಮತ್ತೆ ನೋಡಬೇಕು. ಮಾಸ್ಟರ್ ಸೆಟ್ಟಿಂಗ್ಸ್ ಪುಟದ ಪ್ಲೇಬ್ಯಾಕ್ ಫ್ರೇಮ್ ರೇಟ್ ಕೂಡ ಟೈಮ್‌ಲೈನ್‌ನಷ್ಟೇ ಇರಲಿ.

ಅಳತೆ

ಫ್ರೇಮ್ ರೇಟ್‌ಗೆ ಹೋಲಿಸಿದರೆ ಟೈಮ್‌ಲೈನ್ ರೆಸಲ್ಯೂಷನ್ ಹಗುರ. ಇದನ್ನು ಯಾವಾಗ ಬೇಕಾದರೂ ಬದಲಿಸಬಹುದು. 4ಕೆ ಫುಟೇಜ್ ಇದ್ದರೂ ನಾನು 1920×1080 ಇಟ್ಟುಕೊಂಡೇ ಎಡಿಟ್ ಮಾಡುತ್ತೇನೆ. ಕಂಪ್ಯೂಟರ್‌ಗೆ ಹೊರೆ ಕಡಿಮೆ. 4ಕೆ ಕೊಡಬೇಕಾದರೆ ಕೊನೆಯಲ್ಲಿ ಟೈಮ್‌ಲೈನ್ ಅಳತೆಯನ್ನು 3840×2160 ಮಾಡಿ ರೆಂಡರ್‌ಗೆ (ಕೊನೆಯ ವಿಡಿಯೋ ಫೈಲ್ ತಯಾರಿಸಲು) ಹಾಕುತ್ತೇನೆ. ಜೂಮ್, ಸ್ಥಾನ ಎಲ್ಲ ಅದಕ್ಕೆ ತಕ್ಕ ಹಾಗೆ ಹೊಂದಿಕೊಳ್ಳುತ್ತದೆ. ರಿಸಾಲ್ವ್‌ನದ್ದೇ ಫ್ಯೂಷನ್ ವಿಭಾಗದಲ್ಲಿ ಮಾಡಿದ ಗ್ರಾಫಿಕ್ಸ್ ಇದ್ದರೆ ಅವನ್ನು ಮಾತ್ರ ಒಂದು ಸಲ ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

1080 ಟೈಮ್‌ಲೈನ್‌ನಲ್ಲಿ 4ಕೆ ಫುಟೇಜ್ ಇರುವುದರಿಂದ ದೊಡ್ಡ ಅನುಕೂಲ ಒಂದಿದೆ. ಎದುರಿನ ಕ್ಯಾಮೆರಾ ಇಡೀ ರಂಗಸ್ಥಳ ಹಿಡಿದಿರುತ್ತದೆ. ಅದೇ ಶಾಟ್‌ನ್ನು ಎರಡು ಪಟ್ಟು ಜೂಮ್ ಮಾಡಿದರೆ ಚಿತ್ರ ಒಡೆಯದೆ ವೇಷಧಾರಿಯ ಮಿಡ್ ಶಾಟ್ ಸಿಗುತ್ತದೆ. ರಿಸಾಲ್ವ್ ಮೂಲ ಫೈಲ್‌ನ ಪಿಕ್ಸೆಲ್‌ಗಳನ್ನೇ ಬಳಸುತ್ತದೆ. ಒಂದೇ ಕ್ಯಾಮೆರಾದಿಂದ ಎರಡು ಕ್ಯಾಮೆರಾದ ಕೆಲಸ. ಇದಕ್ಕೆ ಇಮೇಜ್ ಸ್ಕೇಲಿಂಗ್ ಪುಟದಲ್ಲಿ ಅಳತೆ ಹೊಂದದ ಫೈಲ್‌ಗಳಿಗೆ ಸ್ಕೇಲ್ ಎಂಟೈರ್ ಇಮೇಜ್ ಟು ಫಿಟ್ ಅಂತ ಇರಬೇಕು. ತಾನಾಗಿ ಇರುವುದೂ ಅದೇ. ಅಲ್ಲಿ ಸೆಂಟರ್ ಕ್ರಾಪ್ ಆಗಿದ್ದರೆ 4ಕೆ ಕ್ಲಿಪ್‌ನ ನಡುಭಾಗ ಮಾತ್ರ ಕಾಣುತ್ತದೆ, ನಾಲ್ಕೂ ಬದಿ ಕತ್ತರಿಸಿರುತ್ತದೆ. "ಕ್ಲಿಪ್ ಹಾಕಿದ ಕೂಡಲೇ ಜೂಮ್ ಆಗಿಬಿಟ್ಟಿದೆ" ಅಂತ ಕೇಳುವವರು ಮೊದಲು ಇಲ್ಲೇ ನೋಡಬೇಕು.

ರೀಲ್ಸ್ ಬೇಕಾದರೆ ಅದೇ ಪ್ರಾಜೆಕ್ಟ್‌ನಲ್ಲಿ ಬೇರೆ ಟೈಮ್‌ಲೈನ್ ಮಾಡಿ. ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಗುರುತು ತೆಗೆದು, ಯೂಸ್ ವರ್ಟಿಕಲ್ ರೆಸಲ್ಯೂಷನ್ ಹಾಕಿದರೆ 1080×1920 ಆಗುತ್ತದೆ. ಇಡೀ ಪ್ರಾಜೆಕ್ಟನ್ನು ಉದ್ದ ಮಾಡಿ, ಮತ್ತೆ ಅಡ್ಡ ಮಾಡಿ ಒದ್ದಾಡಬೇಡಿ.

ಬಣ್ಣ: ಕೆಂಪು ಉಳಿಯಬೇಕು

ಕಲರ್ ಮ್ಯಾನೇಜ್‌ಮೆಂಟ್ ಪುಟ ನೋಡಿ ಹೆದರುವವರು ಬಹಳ. ಹೆದರುವ ಅಗತ್ಯವಿಲ್ಲ, ಪ್ರಶ್ನೆ ಒಂದೇ: ನಿಮ್ಮ ಫುಟೇಜ್ ಸಾಮಾನ್ಯ ಬಣ್ಣದ್ದೋ, ಲಾಗ್‌ನದ್ದೋ?

ಕ್ಯಾಮೆರಾದ ಪರದೆಯಲ್ಲಿ ಕಂಡ ಹಾಗೇ ಬಣ್ಣ ತುಂಬಿ ಬಂದಿದ್ದರೆ ಅದು ಸಾಮಾನ್ಯ ರೆಕ್ 709, ಅಂದರೆ ಎಚ್‌ಡಿ ಟಿವಿಯ ಬಣ್ಣದ ಮಾನದಂಡ. ಆಗ ಕಲರ್ ಸೈನ್ಸ್ ಸಾಲಿನಲ್ಲಿ ಇರುವ ಡಾವಿಂಚಿ ವೈಆರ್‌ಜಿಬಿ ಹಾಗೇ ಇರಲಿ. ಈ ಪುಟ ಮುಚ್ಚಿ ಮುಂದೆ ಹೋಗಿ.

ಚಿತ್ರ ಬೂದುಬಣ್ಣಕ್ಕೆ ತಿರುಗಿ, ಹೊಗೆ ಮುಚ್ಚಿದ ಹಾಗೆ ಕಂಡರೆ ಅದು ಲಾಗ್, ಅಂದರೆ ಆಮೇಲೆ ಬಣ್ಣ ಮಾಡಲು ಬೆಳಕು-ನೆರಳಿನ ವಿವರ ಹೆಚ್ಚು ಉಳಿಸಿಕೊಳ್ಳುವ ರೆಕಾರ್ಡಿಂಗ್. ಸೋನಿಯಲ್ಲಿ ಎಸ್-ಲಾಗ್ 3, ಕ್ಯಾನನ್‌ನಲ್ಲಿ ಸಿ-ಲಾಗ್, ಪ್ಯಾನಸೋನಿಕ್‌ನಲ್ಲಿ ವಿ-ಲಾಗ್. ಆಗ ಕಲರ್ ಸೈನ್ಸ್‌ನಲ್ಲಿ ಡಾವಿಂಚಿ ವೈಆರ್‌ಜಿಬಿ ಕಲರ್ ಮ್ಯಾನೇಜ್ಡ್ ಆರಿಸಿ. ಆಟೊಮ್ಯಾಟಿಕ್ ಕಲರ್ ಮ್ಯಾನೇಜ್‌ಮೆಂಟ್ ಗುರುತು ಇರಲಿ. ಪ್ರೊಸೆಸಿಂಗ್ ಎಸ್‌ಡಿಆರ್ (ಸಾಮಾನ್ಯ ಬೆಳಕಿನ ವ್ಯಾಪ್ತಿ), ಔಟ್‌ಪುಟ್ ಎಸ್‌ಡಿಆರ್ ರೆಕ್ 709. ಸೇವ್ ಮಾಡಿ ಹೊರಬನ್ನಿ. ಕ್ಲಿಪ್‌ಗಳನ್ನು ಹಾಕಿದ ಮೇಲೆ ರಿಸಾಲ್ವ್ ಅವುಗಳ ಲಾಗ್ ಯಾವುದೆಂದು ತಾನೇ ಗುರುತಿಸದಿದ್ದರೆ ನೀವು ಹೇಳಬೇಕು: ಮೀಡಿಯಾ ಪೂಲ್‌ನಲ್ಲಿ ಆ ಕ್ಯಾಮೆರಾದ ಕ್ಲಿಪ್‌ಗಳನ್ನೆಲ್ಲ ಆರಿಸಿ, ಮೌಸ್‌ನ ಬಲಗುಂಡಿ ಒತ್ತಿ, ಇನ್‌ಪುಟ್ ಕಲರ್ ಸ್ಪೇಸ್‌ಗೆ ಹೋಗಿ. ಸೋನಿಯದಾದರೆ ಸಾಮಾನ್ಯವಾಗಿ ಎಸ್-ಗ್ಯಾಮಟ್ 3 ಸಿನೆ, ಎಸ್-ಲಾಗ್ 3. ಬೂದು ಹೋಗಿ ಬಣ್ಣ ತುಂಬಿಕೊಳ್ಳುತ್ತದೆ.

ಹೀಗೆ ಮಾಡಿದ ಮೇಲೆ ಅದೇ ಕ್ಲಿಪ್‌ಗೆ ಮತ್ತೆ ಲಾಗ್‌ನಿಂದ ರೆಕ್ 709ಕ್ಕೆ ತರುವ ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲ್) ಹಾಕಬಾರದು. ಒಂದೇ ಪರಿವರ್ತನೆ ಎರಡು ಸಲ ಆಗುತ್ತದೆ. ಮುಖ ಸುಟ್ಟ ಹಾಗೆ, ನೆರಳು ಮಸಿ ಬಳಿದ ಹಾಗೆ ಆಗುತ್ತದೆ. ಯಾರೋ ಕೊಟ್ಟ ಲಟ್ ಪ್ಯಾಕ್ ಹಾಕಿ "ರಿಸಾಲ್ವ್ ಬಣ್ಣ ಕೆಡಿಸುತ್ತದೆ" ಅನ್ನುವವರ ಪ್ರಾಜೆಕ್ಟ್‌ನಲ್ಲಿ ಹೆಚ್ಚಾಗಿ ಆಗಿರುವುದು ಇದೇ.

ಬಡಗುತಿಟ್ಟು ಶೈಲಿಯ ವೇಷದಲ್ಲಿ ಕೆಂಪಿಗೆ ದೊಡ್ಡ ಸ್ಥಾನ. ಕೆಲವು ವೇಷಗಳಲ್ಲಿ ಮುಂಡಾಸು, ಎದೆಯ ಮೇಲಿನ ಬಟ್ಟೆ ಗಾಢ ಕೆಂಪು. ಅದರ ಮೇಲೆ ಈಗಿನ ರಂಗಸ್ಥಳದಲ್ಲಿ ಕೆಂಪು ಎಲ್‌ಇಡಿ ಬೀಳುತ್ತದೆ. ಸಾಮಾನ್ಯ ಬಣ್ಣದ ರೆಕಾರ್ಡಿಂಗ್‌ನಲ್ಲಿ ಕೆಂಪು ಚಾನೆಲ್ ತುದಿಗೆ ಹೋಗಿ ಮುಟ್ಟಿಬಿಡುತ್ತದೆ. ಬಟ್ಟೆಯ ಮಡಿಕೆ, ಸುತ್ತಿದ ಗೆರೆ, ಜರಿಯ ಅಂಚು ಯಾವುದೂ ಕಾಣದೆ ಒಂದೇ ಕೆಂಪು ತೇಪೆ ಉಳಿಯುತ್ತದೆ. ಕಲರ್ ಪೇಜ್‌ನಲ್ಲಿ ಸ್ಕೋಪ್ಸ್ (ಬಣ್ಣ ಅಳೆದು ತೋರಿಸುವ ನಕ್ಷೆ) ತೆರೆದು ಪರೇಡ್ ಆರಿಸಿದರೆ ಇದು ಸ್ಪಷ್ಟ. ಹಸಿರು, ನೀಲಿ ಕೆಳಗೆ ಮಲಗಿರುತ್ತವೆ, ಕೆಂಪು ಮಾತ್ರ ಮೇಲಿನ ಗೆರೆಗೆ ಒತ್ತಿಕೊಂಡು ಸಪಾಟಾಗಿರುತ್ತದೆ. ಸಪಾಟಾದ ಕಡೆ ಇನ್ನು ಏನೂ ಉಳಿದಿಲ್ಲ ಅಂತ ಅರ್ಥ. ಲಾಗ್‌ನಲ್ಲಿ, ಎಕ್ಸ್‌ಪೋಶರ್ ನೋಡಿಕೊಂಡು ತೆಗೆದಿದ್ದರೆ ಮಡಿಕೆ ಹೆಚ್ಚಾಗಿ ಉಳಿದಿರುತ್ತದೆ. ಕಲರ್ ಮ್ಯಾನೇಜ್‌ಮೆಂಟ್ ಸರಿ ಇಟ್ಟರೆ ಅದನ್ನು ಹೊರಗೆ ತರಬಹುದು. ಚೌಕಿಯಲ್ಲಿ (ಬಣ್ಣದ ಮನೆ) ಗಂಟೆಗಟ್ಟಲೆ ಕೂತು ಕಟ್ಟಿಕೊಂಡ ವೇಷ ಅದು. ಅದರ ಒಂದು ಎಳೆಯೂ ನಮ್ಮ ಕೈಯಲ್ಲಿ ಕಳೆದುಹೋಗಬಾರದು.

ಐಫೋನ್ 12ರಿಂದ ಈಚಿನ ಐಫೋನ್‌ಗಳು ಎಚ್‌ಡಿಆರ್‌ನಲ್ಲಿ (ಹೆಚ್ಚಿನ ಬೆಳಕಿನ ವ್ಯಾಪ್ತಿಯಲ್ಲಿ) ರೆಕಾರ್ಡ್ ಮಾಡಬಲ್ಲವು. ಆ ಕ್ಲಿಪ್ ಸಾಮಾನ್ಯ ಟೈಮ್‌ಲೈನ್‌ಗೆ ಬಂದಾಗ ಬಣ್ಣ, ಬೆಳಕು ವಿಚಿತ್ರವಾಗಿ ಕಾಣುತ್ತದೆ. ಕಲರ್ ಮ್ಯಾನೇಜ್ಡ್ ಇಟ್ಟರೆ ಇದನ್ನೂ ರಿಸಾಲ್ವ್ ಸಂಭಾಳಿಸುತ್ತದೆ. ಆದರೂ ಶೂಟ್‌ಗೆ ಮುಂಚೆ ಫೋನ್‌ನಲ್ಲೇ ಎಚ್‌ಡಿಆರ್ ಆಫ್ ಮಾಡುವುದು ಇನ್ನೂ ಸುಲಭ.

ಈ ಆಯ್ಕೆ ಫ್ರೇಮ್ ರೇಟ್‌ನ ಹಾಗೆ ಬೀಗ ಹಾಕಿಕೊಳ್ಳುವುದಿಲ್ಲ. ಆದರೆ ಗ್ರೇಡಿಂಗ್ (ಬಣ್ಣ ತಿದ್ದುವ ಕೆಲಸ) ಶುರು ಮಾಡಿದ ಮೇಲೆ ಕಲರ್ ಸೈನ್ಸ್ ಬದಲಿಸಿದರೆ ಎಲ್ಲ ಕ್ಲಿಪ್‌ಗಳ ಬಣ್ಣವೂ ಒಂದೇ ಏಟಿಗೆ ಬದಲಾಗುತ್ತದೆ. ಗ್ರೇಡಿಂಗ್ ಮತ್ತೆ ಮೊದಲಿನಿಂದ. ಹಾಗಾಗಿ ಇದೂ ಶುರುವಿನಲ್ಲೇ ಆಗಬೇಕು.

ಕ್ಯಾಶ್ ಮತ್ತು ಪ್ರಾಕ್ಸಿ ಎಲ್ಲಿ ಹೋಗುತ್ತದೆ

ಮಾಸ್ಟರ್ ಸೆಟ್ಟಿಂಗ್ಸ್‌ನಲ್ಲೇ ಕೆಳಗೆ ಇಳಿದರೆ ವರ್ಕಿಂಗ್ ಫೋಲ್ಡರ್ಸ್ ಇದೆ. ಅದರಲ್ಲಿ ಪ್ರಾಕ್ಸಿ (ಎಡಿಟಿಂಗ್‌ಗೆ ಮಾಡಿಕೊಳ್ಳುವ ಹಗುರ ನಕಲು), ಕ್ಯಾಶ್ (ಸಲೀಸಾಗಿ ಓಡಲು ರಿಸಾಲ್ವ್ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲ್), ಗ್ಯಾಲರಿ ಸ್ಟಿಲ್ಸ್ (ಉಳಿಸಿಟ್ಟ ಚಿತ್ರಗಳು) ಎಲ್ಲಿ ಉಳಿಯಬೇಕು ಅಂತ ಹೇಳಬಹುದು. ಇದನ್ನು ನೋಡದೆ ಬಿಟ್ಟರೆ ಎಲ್ಲವೂ ವಿಂಡೋಸ್ ಇರುವ ಸಿ ಡ್ರೈವ್‌ಗೆ ಹೋಗಿ ಬೀಳಬಹುದು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಫುಟೇಜ್ ಗಂಟೆಗೆ 45 ಜಿಬಿ. ಮೂರು ಗಂಟೆ, ಮೂರು ಕ್ಯಾಮೆರಾ ಅಂದರೆ 405 ಜಿಬಿ. ಇದು ಮೂಲ ಫೈಲ್ ಮಾತ್ರ. ಪ್ರೋರೆಸ್ 422 ಕೊಡೆಕ್‌ನಲ್ಲಿ 1080 ಕ್ಯಾಶ್ ಆದರೆ 25 ಫ್ರೇಮ್‌ಗೆ ಗಂಟೆಗೆ ಇನ್ನೊಂದು 55 ಜಿಬಿ. ಸಿ ಡ್ರೈವ್ ತುಂಬಿದರೆ ಕಂಪ್ಯೂಟರ್ ಪೂರಾ ತೆವಳುತ್ತದೆ.

ಕ್ಯಾಶ್‌ಗೆ ಬೇರೆ ಒಂದು ಎಸ್‌ಎಸ್‌ಡಿ ಇದ್ದರೆ ಒಳ್ಳೆಯದು. ದುಬಾರಿಯದ್ದು ಬೇಡ, ವೇಗ ಇದ್ದರೆ ಸಾಕು. ಪ್ರಿಫರೆನ್ಸಸ್‌ನ ಮೀಡಿಯಾ ಸ್ಟೋರೇಜ್ ಪಟ್ಟಿಯಲ್ಲಿ ಆ ಡಿಸ್ಕನ್ನು ಎಲ್ಲಕ್ಕಿಂತ ಮೇಲೆ ಇಡಿ. ಹೊಸ ಪ್ರಾಜೆಕ್ಟ್‌ಗಳ ಕ್ಯಾಶ್ ಅಲ್ಲಿಗೇ ಹೋಗುತ್ತದೆ. ಪ್ರಾಜೆಕ್ಟ್ ಮುಗಿದು ಗ್ರಾಹಕರು ಒಪ್ಪಿದ ಮೇಲೆ ಪ್ಲೇಬ್ಯಾಕ್ ಮೆನುವಿನ ಡಿಲೀಟ್ ರೆಂಡರ್ ಕ್ಯಾಶ್ ಬಳಸಿ ಜಾಗ ಖಾಲಿ ಮಾಡಿ.

ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಮೂರು ಕ್ಯಾಮೆರಾದ ಮಲ್ಟಿಕ್ಯಾಮ್ (ಎಲ್ಲ ಕ್ಯಾಮೆರಾ ಒಟ್ಟಿಗೆ ಜೋಡಿಸಿ ಶಾಟ್ ಆರಿಸುವ ವಿಧಾನ) ಓಡಿಸಲು ಪ್ರಾಕ್ಸಿ ಬೇಕೇ ಬೇಕು. ಅಳತೆ ಹಾಫ್ ಅಥವಾ ಕ್ವಾರ್ಟರ್ ಇಡಿ. ಫಾರ್ಮ್ಯಾಟ್‌ಗೆ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಸಾಕು, ಮ್ಯಾಕ್ ಆದರೆ ಪ್ರೋರೆಸ್ ಪ್ರಾಕ್ಸಿ. ಆಮೇಲೆ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳ ಮೇಲೆ ಬಲಗುಂಡಿ ಒತ್ತಿ ಜನರೇಟ್ ಪ್ರಾಕ್ಸಿ ಮೀಡಿಯಾ. ಎಡಿಟ್ ಹಗುರವಾಗುತ್ತದೆ. ಬಣ್ಣ ಮಾಡುವಾಗ ಮಾತ್ರ ಪ್ಲೇಬ್ಯಾಕ್ ಮೆನುವಿನಲ್ಲಿ ಮೂಲ ಫೈಲ್‌ಗೆ ಮರಳಿ. ಪ್ರಾಕ್ಸಿ ನೋಡಿಕೊಂಡು ಫೋಕಸ್, ನಾಯ್ಸ್ ತೀರ್ಮಾನ ಮಾಡಬಾರದು.

ಧ್ವನಿ, ಅಕ್ಷರ

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಫೇರ್‌ಲೈಟ್ ಪುಟದಲ್ಲಿ ಟೈಮ್‌ಲೈನ್ ಸ್ಯಾಂಪಲ್ ರೇಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ) 48000 ಇರಬೇಕು. ವಿಡಿಯೋಗೆ ಅದೇ ರೂಢಿ. ಮಿಕ್ಸರ್ ಹತ್ತಿರದ ರೆಕಾರ್ಡರನ್ನೂ 48ಕ್ಕೆ ಇಡಲು ಹೇಳಿ. ಕೆಲವರು 44.1ರಲ್ಲಿ ಇಟ್ಟಿರುತ್ತಾರೆ, ರಿಸಾಲ್ವ್ ಅದನ್ನು ಪರಿವರ್ತಿಸಿಕೊಳ್ಳುತ್ತದೆ, ಗಾಬರಿ ಬೇಡ. ಅದೇ ಪುಟದಲ್ಲಿ ಲೌಡ್‌ನೆಸ್ ಗುರಿ ಇದೆ. ಯೂಟ್ಯೂಬ್‌ಗೆ ಸುಮಾರು −14 ಎಲ್‌ಯುಎಫ್‌ಎಸ್ (ಧ್ವನಿಯ ಜೋರಿನ ಅಳತೆ) ಇಟ್ಟುಕೊಳ್ಳುತ್ತೇನೆ. ಚಾನೆಲ್ ಆದರೆ ಅವರು ಕೊಟ್ಟ ಸಂಖ್ಯೆಯನ್ನೇ ಇಡಿ.

ಆಟದಲ್ಲಿ ಕ್ಯಾಮೆರಾ ಮತ್ತು ರೆಕಾರ್ಡರ್ ಹೊಂದಿಸಲು ಚಂಡೆಗಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಕೋಲು ಚರ್ಮಕ್ಕೆ ತಗುಲಿದ ಕ್ಷಣಕ್ಕೆ ವೇವ್‌ಫಾರ್ಮ್‌ನಲ್ಲಿ ಸೂಜಿಯ ಹಾಗೆ ಗೆರೆ ಏಳುತ್ತದೆ. ಕ್ಯಾಮೆರಾದ ಧ್ವನಿಯಲ್ಲೂ, ಮಿಕ್ಸರ್‌ನ ಧ್ವನಿಯಲ್ಲೂ. ಮಲ್ಟಿಕ್ಯಾಮ್ ಮಾಡುವಾಗ ಆಂಗಲ್ ಸಿಂಕ್ ಸಾಲಿನಲ್ಲಿ ಸೌಂಡ್ ಆರಿಸಿದರೆ ರಿಸಾಲ್ವ್ ಇದನ್ನೇ ಹಿಡಿದು ಜೋಡಿಸುತ್ತದೆ. ಆಮೇಲೆ ಆಟದ ಶುರುವಿನಲ್ಲಿ ಒಂದು ಪೆಟ್ಟು, ಕೊನೆಯಲ್ಲಿ ಒಂದು ಪೆಟ್ಟು ನೋಡಿ. ಎರಡೂ ಕಡೆ ಗೆರೆಗಳು ಒಂದರ ಮೇಲೊಂದು ಇದ್ದರೆ ನಿಶ್ಚಿಂತೆ. ಕೊನೆಯಲ್ಲಿ ಒಂದೆರಡು ಫ್ರೇಮ್ ಜಾರಿದ್ದರೆ ಅದು ಎರಡು ಉಪಕರಣಗಳ ಗಡಿಯಾರದ ವ್ಯತ್ಯಾಸ. ಒಂದು ಪಾತ್ರ ಹೋಗಿ ಇನ್ನೊಂದು ಪ್ರವೇಶ ಆಗುವ ನಡುವೆ ಆಡಿಯೋ ಕತ್ತರಿಸಿ ಸರಿಸಿ. ಪದ್ಯದ ಮಧ್ಯೆ ಎಂದೂ ಕತ್ತರಿಸಬೇಡಿ.

ಸಬ್‌ಟೈಟಲ್, ಟೈಟಲ್ ಹಾಕುವುದಿದ್ದರೆ ಮೊದಲ ದಿನವೇ ಕನ್ನಡ ಅಕ್ಷರ ಪರೀಕ್ಷೆ ಮಾಡಿ. ಒಂದು ಟೈಟಲ್ ಹಾಕಿ "ಸ್ತ್ರೀ", "ಕ್ಷ್ಮಿ", "ರಾಷ್ಟ್ರ", "ಅರ್ಜುನ" ಅಂತ ಬರೆಯಿರಿ. ಒತ್ತಕ್ಷರ ಕೆಳಗೆ ಕೂರುತ್ತದೆಯೇ, ಅರ್ಕಾವತ್ತು ತನ್ನ ಜಾಗದಲ್ಲಿ ಬರುತ್ತದೆಯೇ ನೋಡಿ. ಯುನಿಕೋಡ್ ಫಾಂಟ್ ಬಳಸಿ, ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಒಂದು ಬಗೆಯ ಟೈಟಲ್‌ನಲ್ಲಿ ಅಕ್ಷರ ಒಡೆದರೆ ಇನ್ನೊಂದು ಬಗೆಯಲ್ಲಿ ಪ್ರಯತ್ನಿಸಿ. ಅದೂ ಆಗದಿದ್ದರೆ ಹೆಸರುಗಳನ್ನು ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದರಾಯಿತು. ಹಿಮ್ಮೇಳದವರ ಹೆಸರು ತಪ್ಪಾಗಿ ಬರುವುದಕ್ಕಿಂತ ಈ ಶ್ರಮ ಲೇಸು.

ಉಳಿಸಿಟ್ಟುಕೊಳ್ಳುವುದು

ಎಲ್ಲ ಸರಿ ಇಟ್ಟ ಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಪ್ರಿಸೆಟ್ಸ್ ಪುಟಕ್ಕೆ ಹೋಗಿ ಸೇವ್ ಆ್ಯಸ್ ಒತ್ತಿ ಹೆಸರು ಕೊಡಿ. ನನ್ನಲ್ಲಿ "ಆಟ 25", "ಆಟ 50", "ಮದುವೆ ಲಾಗ್" ಅಂತ ಇವೆ. ಮುಂದಿನ ಕೆಲಸಕ್ಕೆ ಪ್ರಿಸೆಟ್ ಆರಿಸಿ ಲೋಡ್ ಮಾಡಿದರೆ ಮುಗಿಯಿತು. ಹೆಚ್ಚಾಗಿ ಬಳಸುವ ಒಂದನ್ನು, ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ ಡೀಫಾಲ್ಟ್ ಮಾಡಿಟ್ಟರೆ ಹೊಸ ಪ್ರಾಜೆಕ್ಟ್ ತೆರೆದಾಗಲೇ 25 ಇರುತ್ತದೆ.

ಪ್ರಿಫರೆನ್ಸಸ್‌ನಲ್ಲಿ ಯೂಸರ್, ಅದರೊಳಗೆ ಪ್ರಾಜೆಕ್ಟ್ ಸೇವ್ ಆ್ಯಂಡ್ ಲೋಡ್. ಅಲ್ಲಿ ಲೈವ್ ಸೇವ್, ಪ್ರಾಜೆಕ್ಟ್ ಬ್ಯಾಕಪ್ಸ್, ಟೈಮ್‌ಲೈನ್ ಬ್ಯಾಕಪ್ಸ್ ಮೂರಕ್ಕೂ ಗುರುತು ಇದೆಯೇ ನೋಡಿ. ಬ್ಯಾಕಪ್ ಜಾಗ ಬೇರೆ ಡಿಸ್ಕ್‌ನಲ್ಲಿರಲಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕರೆಂಟ್ ಹೇಗೆ ಅಂತ ಗೊತ್ತೇ ಇದೆ. ಇದು ಎಡಿಟಿಂಗ್‌ನ ಬ್ಯಾಕಪ್ ಮಾತ್ರ, ಫುಟೇಜ್‌ನದ್ದಲ್ಲ. ಕಾರ್ಡ್‌ನ ಫೈಲ್‌ಗಳು ಎರಡು ಡಿಸ್ಕ್‌ನಲ್ಲಿ ಕೂರುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಕೊನೆಗೆ ಒಂದು ಪರೀಕ್ಷೆ. ಎಲ್ಲ ಕ್ಯಾಮೆರಾದಿಂದ ಒಂದೊಂದು ತುಣುಕು, ಒಂದು ಗಿರಕಿ, ಒಂದು ಚಂಡೆಯ ಪೆಟ್ಟು, ಕೆಂಪು ಬೆಳಕಿನ ಒಂದು ಶಾಟ್, ಒಂದು ಕನ್ನಡ ಟೈಟಲ್. ಇಷ್ಟನ್ನು ಅರ್ಧ ನಿಮಿಷಕ್ಕೆ ಜೋಡಿಸಿ ರೆಂಡರ್ ಮಾಡಿ. ಅದನ್ನು ಕಂಪ್ಯೂಟರ್‌ನಲ್ಲಿ ನೋಡಬೇಡಿ. ಫೋನ್‌ನಲ್ಲಿ ಮತ್ತು ಮನೆಯ ಟಿವಿಯಲ್ಲಿ ನೋಡಿ. ಗಿರಕಿ ನಯವಾಗಿದ್ದು, ಪೆಟ್ಟು ಕೋಲಿನ ಜೊತೆಗೇ ಕೇಳಿ, ಮುಂಡಾಸಿನ ಮಡಿಕೆ ಕಂಡರೆ ಉಳಿದ ಕ್ಲಿಪ್‌ಗಳನ್ನೆಲ್ಲ ಧೈರ್ಯವಾಗಿ ಒಳಗೆ ತನ್ನಿ.